ಹಾನಗಲ್ ಅಂದ್ರೆ ಹಾನಗಲ್ ಅಲ್ವಂತೆ!

ಮಿನಿ ಪ್ರಾಜೆಕ್ಟ್ ಸಬ್ಮಿಶನ್‌ಗೆ ಎರಡೇ ದಿನ ಬಾಕಿ. ರಾತ್ರಿ ಹನ್ನೊಂದು ಗಂಟೆ. ಹಾಸ್ಟೆಲ್ ರೂಮು, ನಾಲ್ಕು ಜನ, ಒಂದು ಲ್ಯಾಪ್‌ಟಾಪ್. ಪರದೆ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಎರರ್. ಅದನ್ನ ಕನ್ನಡದಲ್ಲಿ ಹೇಳೋದಾದ್ರೆ ಹೀಗೆ: "ಹಾನಗಲ್ ಎಂಬುದು ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿರುವುದು ಇಷ್ಟು: ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು."

"ಲೇ, ಪಟ್ಯಾಗ ಮೊದಲನೇ ಹೆಸರೇ ಹಾನಗಲ್ ಐತಲ್ಲೋ!"

"ಐತಿ. ಆದ್ರೂ ಇಲ್ಲ ಅನ್ನಾಕತ್ತೈತಿ."

"ಎಲ್ಲಾ ಇಂಗ್ಲಿಷ್‌ನ್ಯಾಗ ಬರದು ಒಗೀರಿ ಅತ್ಲಾಗ. ನಾಳೆ ಸಬ್ಮಿಟ್ ಮಾಡೂಣು."

ನಾವು ಹಾಗೇ ಮಾಡಿದ್ವಿ. ಎರಡು ನಿಮಿಷದಲ್ಲಿ ಕೆಂಪು ಹೋಯ್ತು, ಹಸಿರು ಬಂತು. ಖುಷಿಯಾಗಿ ಮಲಗಿದ್ವಿ. ಬೆಳಗ್ಗೆ ಎದ್ದು ನೋಡಿದ್ರೆ ಇನ್ನೊಂದು ತಲೆನೋವು. ಒಬ್ಬ ಶಿಗ್ಗಾಂವಿಯನ್ನ ಇಂಗ್ಲಿಷಲ್ಲಿ 'ಶಿಗ್ಗಾಂವ್' ಅಂತ ಬರೆದಿದ್ದ, ಇನ್ನೊಬ್ಬ 'ಶಿಗ್ಗಾವಿ' ಅಂತ. ಹಾನಗಲ್‌ಗೂ ಎರಡು ಸ್ಪೆಲ್ಲಿಂಗ್. ಅಂದ್ರೆ ಕನ್ನಡ ತೆಗೆದದ್ದರಿಂದ ಸಮಸ್ಯೆ ಹೋಗಿರಲಿಲ್ಲ, ಬಟ್ಟೆ ಬದಲಾಯಿಸಿಕೊಂಡು ಬಂದಿತ್ತು.

ಈ ಬರಹದಲ್ಲಿ ನಾವು ಹೇಳೋಕೆ ಹೊರಟಿರೋದು ಒಂದೇ ಮಾತು. ವ್ಯಾಲಿಡೇಟರ್ ನೀವು ಅಂದುಕೊಂಡಿರದ ಉತ್ತರ ಕೊಟ್ಟಾಗ, ಮೊದಲು ಅದು ನಿಜಕ್ಕೂ ಏನನ್ನು ನೋಡ್ತು ಅಂತ ಹುಡುಕಿ. ಎರರ್ ಬಾಯಿ ಮುಚ್ಚಿಸೋಕೆ ಡೇಟಾ ಬದಲಾಯಿಸಬೇಡಿ. ಅದರಲ್ಲೂ ಕನ್ನಡವನ್ನ ಕಿತ್ತು ಹಾಕೋದು ಡಿಬಗ್ ಮಾಡಿದ ಹಾಗಲ್ಲ, ಡಿಬಗ್ ಮಾಡೋದರಿಂದ ತಪ್ಪಿಸಿಕೊಂಡ ಹಾಗೆ.

ಪ್ರಾಜೆಕ್ಟ್ ಏನು ಅಂತ ಹೇಳಿಬಿಡ್ತೀವಿ. ನಾವು ನಾಲ್ವರು ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕಿನವರು. ನಮ್ಮ ನಮ್ಮ ತಾಲ್ಲೂಕಿನ ನೋಡುವ ಜಾಗಗಳು, ಹೆಸರುವಾಸಿಯಾದ ಜನ, ಇವುಗಳದ್ದೊಂದು ಸಣ್ಣ ಡೈರೆಕ್ಟರಿ. ಹಾನಗಲ್‌ನ ತಾರಕೇಶ್ವರ ದೇವಸ್ಥಾನ, ಶಿಗ್ಗಾಂವಿ ತಾಲ್ಲೂಕಿನಲ್ಲಿರೋ ಕನಕದಾಸರ ಬಾಡ ಮತ್ತು ಶರೀಫರ ಶಿಶುನಾಳ, ಸವಣೂರಿನ ಮೂರು ದೈತ್ಯ ದೊಡ್ಡಹುಣಸೆ ಮರಗಳು, ಹಿರೇಕೆರೂರು ತಾಲ್ಲೂಕಿನ ಅಬ್ಬಲೂರು. ಪ್ರತಿಯೊಬ್ಬರೂ ಒಂದೊಂದು ಎಕ್ಸ್‌ಎಂಎಲ್ ಫೈಲ್ ಬರೆಯೋದು, ಎಲ್ಲಕ್ಕೂ ಒಂದೇ ಸ್ಕೀಮಾ, ಅಂದ್ರೆ ಎಕ್ಸ್‌ಎಸ್‌ಡಿ.

ಜೂನಿಯರ್‌ಗಳಿಗೆ ಒಂದು ಮಾತು. ಎಕ್ಸ್‌ಎಂಎಲ್ ಅಂದ್ರೆ ತುಂಬಿದ ಅರ್ಜಿ, ಸ್ಕೀಮಾ ಅಂದ್ರೆ ಆ ಅರ್ಜಿ ಹೇಗಿರಬೇಕು ಅನ್ನೋ ನಿಯಮ, ವ್ಯಾಲಿಡೇಟರ್ ಅಂದ್ರೆ ಕೌಂಟರ್‌ನಲ್ಲಿ ಕೂತು ಅರ್ಜಿ ತಿರುವಿ ನೋಡೋ ಗುಮಾಸ್ತ. ಎಕ್ಸ್‌ಎಂಎಲ್ 1998ರಲ್ಲಿ ಬಂತು, ಎಕ್ಸ್‌ಎಸ್‌ಡಿ 2001ರಲ್ಲಿ. "ಈಗ ಎಲ್ಲ ಜೇಸನ್ ಅಲ್ವಾ?" ಅಂತ ನೀವು ಕೇಳಬಹುದು. ಆದರೆ ನೀವು ದಿನಾ ತೆರೆಯೋ ವರ್ಡ್ ಫೈಲ್‌ನ ಹೊಟ್ಟೆಯೊಳಗೆ ಇರೋದೂ ಎಕ್ಸ್‌ಎಂಎಲ್ಲೇ, ಆಂಡ್ರಾಯ್ಡ್ ಆಪ್‌ನ ಲೇಔಟ್ ಕೂಡ, ಆಧಾರ್‌ನ ಆಫ್‌ಲೈನ್ ಇ-ಕೆವೈಸಿ ಫೈಲ್ ಕೂಡ. ಅದೂ ಅಲ್ಲದೆ ಮುಂದೆ ಹೇಳೋ ತೊಂದರೆಗಳಲ್ಲಿ ಅರ್ಧದಷ್ಟು ಜೇಸನ್‌ನಲ್ಲೂ ಹಾಗೇ ಬರ್ತವೆ.

ಈಗ ಒಂದೊಂದೇ ಊರಿಗೆ ಹೋಗೋಣ.

ಮೊದಲು ಹಾನಗಲ್. ನಮ್ಮ ಮೊದಲ ಅನುಮಾನ ಖಾಲಿ ಜಾಗದ ಮೇಲೆ. ಹೆಸರಿನ ಹಿಂದೆ ಮುಂದೆ ಸ್ಪೇಸ್ ಅಥವಾ ಹೊಸ ಸಾಲು ಸೇರಿಕೊಂಡಿದ್ರೆ, ಟೈಪು ಸ್ಟ್ರಿಂಗ್ ಆಗಿದ್ದಾಗ ಸ್ಕೀಮಾ ಅದನ್ನೂ ಹೆಸರಿನ ಭಾಗ ಅಂತಲೇ ಎಣಿಸುತ್ತೆ. ಟೋಕನ್ ಅನ್ನೋ ಟೈಪು ಕೊಟ್ರೆ ಆ ಖಾಲಿ ಜಾಗ ಕತ್ತರಿಸಿ ನೋಡುತ್ತೆ. ಟೋಕನ್ ಮಾಡಿದ್ವಿ. ಎರರ್ ಹೋಗಲಿಲ್ಲ.

ಆಮೇಲೆ ನಮ್ಮಲ್ಲೊಬ್ಬಳು ಪೈಥಾನ್‌ನಲ್ಲಿ ಎರಡೂ ಹಾನಗಲ್‌ಗಳ ಉದ್ದ ಎಣಿಸಿದಳು. ಸ್ಕೀಮಾದಲ್ಲಿರೋ ಹಾನಗಲ್‌ಗೆ 6, ಫೈಲ್‌ನಲ್ಲಿರೋದಕ್ಕೆ 7. ಒಂದೊಂದೇ ಅಕ್ಷರದ ನಂಬರು ಪ್ರಿಂಟ್ ಮಾಡಿದಾಗ ಕೊನೆಯಲ್ಲಿ 8204 ಅಂತ ಬಂತು. ಅದು ಕಣ್ಣಿಗೆ ಕಾಣದ ಅಕ್ಷರ, ಜೀರೋ ವಿಡ್ತ್ ನಾನ್ ಜಾಯ್ನರ್. ಅಗಲವೂ ಇಲ್ಲ, ಆಕಾರವೂ ಇಲ್ಲ. ಅದು ಸ್ಪೇಸ್ ಅಲ್ಲ, ಹಾಗಾಗಿ ಟೋಕನ್ ಕೂಡ ಅದನ್ನ ಮುಟ್ಟೋದಿಲ್ಲ.

ಅದು ಅಲ್ಲಿಗೆ ಬಂದಿದ್ದು ಹೇಗೆ? ಕನ್ನಡದಲ್ಲಿ ಅರ್ಧಾಕ್ಷರದ ಮುಂದೆ ಇನ್ನೊಂದು ವ್ಯಂಜನ ಬಂದ್ರೆ ಅದು ಒತ್ತಕ್ಷರ ಆಗಿಬಿಡುತ್ತೆ. 'ಹಾನಗಲ್‌ನಲ್ಲಿ' ಅಂತ ಬಿಡಿಸಿ ಬರೀಬೇಕು ಅಂದ್ರೆ ಲ್ ಮತ್ತು ನ ನಡುವೆ ಆ ಕಾಣದ ಅಕ್ಷರ ಬೇಕೇ ಬೇಕು. ಇಲ್ಲದಿದ್ದರೆ ಲ ಕಾರಕ್ಕೆ ನ ಒತ್ತು ಬಂದು ಕೂರುತ್ತೆ. ನಮ್ಮ ಹುಡುಗ ಒಂದು ವಾಕ್ಯದಿಂದ 'ಹಾನಗಲ್‌ನಲ್ಲಿ' ಅನ್ನೋದನ್ನ ಕಾಪಿ ಮಾಡಿ, 'ನಲ್ಲಿ' ಅಳಿಸಿದ್ದ. ವಿಭಕ್ತಿ ಹೋಯ್ತು, ಕಾಣದ ಅಕ್ಷರ ಅಲ್ಲೇ ಉಳೀತು. ವ್ಯಾಲಿಡೇಟರ್ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಕಂಡದ್ದು ನಮಗೆ ಕಂಡಿರಲಿಲ್ಲ, ಅಷ್ಟೇ.

ಎರಡನೆಯದು ಹಿರೇಕೆರೂರು. ಇಲ್ಲೂ ಅದೇ ಎರರ್. ಈ ಸಲ ನಾವು ಜಾಣರಾಗಿದ್ವಿ, ಮೊದಲೇ ಉದ್ದ ಎಣಿಸಿದ್ವಿ. ಒಂದು ಕಡೆ 10, ಇನ್ನೊಂದು ಕಡೆ 11. ಆದ್ರೆ 8204 ಎಲ್ಲೂ ಇಲ್ಲ. ವ್ಯತ್ಯಾಸ ಇದ್ದದ್ದು 'ರೇ' ಒಳಗೆ. ಏತ್ವದ ದೀರ್ಘವನ್ನ ಯುನಿಕೋಡ್‌ನಲ್ಲಿ ಎರಡು ರೀತಿ ಬರೀಬಹುದು. ಒಂದೇ ಚಿಹ್ನೆಯಾಗಿ 3271, ಇಲ್ಲವೇ ಎತ್ವ 3270 ಮತ್ತು ದೀರ್ಘದ ಗುರುತು 3285, ಎರಡೂ ಒಂದರ ಪಕ್ಕ ಒಂದು. ಪರದೆ ಮೇಲೆ ಎರಡೂ ಒಂದೇ. ಈಗಿನ ಕೀಬೋರ್ಡ್‌ಗಳು ಒಂಟಿ ಚಿಹ್ನೆಯನ್ನೇ ಕೊಡ್ತವೆ. ಆದರೆ ಹಳೇ ಆಸ್ಕಿ ಫಾಂಟ್‌ನಲ್ಲಿದ್ದ ಪಠ್ಯವನ್ನ ಯುನಿಕೋಡ್‌ಗೆ ಪರಿವರ್ತನೆ ಮಾಡಿದಾಗ ಎರಡು ತುಂಡಾಗಿ ಉಳಿದಿರೋ ಸಾಧ್ಯತೆ ಇದೆ. ನಮ್ಮದೂ ಹಾಗೆ ಪರಿವರ್ತನೆ ಮಾಡಿದ ಹಳೇ ಡಾಕ್ಯುಮೆಂಟ್‌ನಿಂದ ತೆಗೆದ ಹೆಸರು.

ಇವೆರಡೂ ಸಮಾನ ಅಂತ ಯುನಿಕೋಡ್ ಹೇಳುತ್ತೆ. ಆದರೆ ಸ್ಕೀಮಾ ಆ ಸಮಾನತೆಯನ್ನ ನೋಡೋದಿಲ್ಲ, ಅದು ನಂಬರಿಗೆ ನಂಬರು ಹೋಲಿಸುತ್ತೆ. ಪರಿಹಾರ ಸುಲಭ. ವ್ಯಾಲಿಡೇಟ್ ಮಾಡೋ ಮೊದಲು ಫೈಲನ್ನೂ ಸ್ಕೀಮಾವನ್ನೂ ಎನ್‌ಎಫ್‌ಸಿ ಅನ್ನೋ ರೂಪಕ್ಕೆ ತನ್ನಿ. ಪೈಥಾನ್‌ನಲ್ಲಿ ಒಂದೇ ಸಾಲಿನ ಕೆಲಸ. ಎಲ್ಲ ಸ್ವರಕ್ಕೂ ಈ ತೊಂದರೆ ಇಲ್ಲ. ಈ, ಏ, ಐ, ಒ, ಓ ಇವುಗಳ ಗುಣಿತ ಚಿಹ್ನೆಗಳಿಗೆ ಮಾತ್ರ ಎರಡು ರೂಪ ಇರೋದು. ಊ ಕಾರದ ಚಿಹ್ನೆಗೆ ಒಂದೇ. ಒಂದು ಎಚ್ಚರಿಕೆ: ಎನ್‌ಎಫ್‌ಸಿ ಮಾಡಿದ್ರೆ ಹಾನಗಲ್‌ನ ಕಾಣದ ಅಕ್ಷರ ಹೋಗೋದಿಲ್ಲ. ಹಾಗಂತ ಎಲ್ಲಾ ಕಡೆ ಅದನ್ನ ಅಳಿಸಿ ಹಾಕಬೇಡಿ. 'ರಾಜ್‌ಕುಮಾರ್' ಅನ್ನೋ ಹೆಸರಲ್ಲಿ ಅದು ಬೇಕು, ತೆಗೆದ್ರೆ ಜ ಕಾರಕ್ಕೆ ಕ ಒತ್ತು ಬಂದು ಕೂರುತ್ತೆ. ಪದದ ಕೊನೆಯಲ್ಲಿದ್ದರೆ ಮಾತ್ರ ತೆಗೀರಿ.

ಮೂರನೆಯದು ಸವಣೂರು. ಎರಡು ಊರಿನ ಅನುಭವ ಆದಮೇಲೆ ನಾವು ನೇರವಾಗಿ "ಇದೂ ಯುನಿಕೋಡ್‌ನದೇ ಕಿತಾಪತಿ" ಅಂತ ತೀರ್ಪು ಕೊಟ್ವಿ. ಎನ್‌ಎಫ್‌ಸಿ ಮಾಡಿದ್ವಿ, ಕೊನೆ ಅಕ್ಷರ ಕತ್ತರಿಸಿದ್ವಿ. ಆಗಲಿಲ್ಲ. ಉದ್ದ ಎಣಿಸಿದ್ರೆ ಎರಡೂ ಕಡೆ 6. ನಂಬರ್ ನೋಡಿದಾಗ ಒಂದು ಕಡೆ 3235, ಇನ್ನೊಂದು ಕಡೆ 3240. ಅಂದ್ರೆ ಒಂದು ಕಡೆ ಣ, ಇನ್ನೊಂದು ಕಡೆ ನ. ನಾವು 'ಸವನೂರು' ಅಂತ ಬರೆದಿದ್ವಿ!

ಇದು ಯಾರ ತಪ್ಪೂ ಅಲ್ಲ, ನಮ್ಮದೇ. ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂ. ಬಸ್ ಬೋರ್ಡಿನ ಇಂಗ್ಲಿಷ್ ಓದಿ ಬೆಳೆದವರಿಗೆ ಣ, ನ ಎರಡಕ್ಕೂ ಇರೋದು ಒಂದೇ ಅಕ್ಷರ. ಮಾತಾಡುವಾಗ ಸರಿಯಾಗೇ ಹೇಳ್ತೀವಿ, ಬರೆಯುವಾಗ ಕೈ ತಪ್ಪುತ್ತೆ. ಆ ರಾತ್ರಿ ಎಲ್ಲವನ್ನೂ ಇಂಗ್ಲಿಷ್‌ಗೆ ಬದಲಾಯಿಸಿದಾಗ ಈ ತಪ್ಪು ಶಾಶ್ವತವಾಗಿ ಮುಚ್ಚಿಹೋಗಿತ್ತು. ಕನ್ನಡಕ್ಕೆ ವಾಪಸ್ ಬಂದದ್ದಕ್ಕೇ ಸಿಕ್ಕಿಬಿದ್ವಿ. ವ್ಯಾಲಿಡೇಟರ್ ನಮ್ಮ ಮೇಷ್ಟ್ರಾಗಿದ್ದು ಇದೊಂದು ಸಲ. ಇಲ್ಲಿ ಸ್ಕೀಮಾ ಸರಿ, ಟೂಲ್ ಸರಿ, ನಾವು ತಪ್ಪು.

ನಾಲ್ಕನೆಯದು ಶಿಗ್ಗಾಂವಿ. ಇದು ಎಲ್ಲಕ್ಕಿಂತ ಅಪಾಯದ್ದು, ಯಾಕಂದ್ರೆ ಇಲ್ಲಿ ಎರರ್ರೇ ಬರಲಿಲ್ಲ. ಮೊದಲ ಸಲಕ್ಕೇ ಹಸಿರು. ಆ ಫೈಲ್ ಬರೆದವನು ಎರಡು ದಿನ ಎದೆ ಉಬ್ಬಿಸಿಕೊಂಡು ಓಡಾಡಿದ.

ಪ್ರತಿ ತಾಲ್ಲೂಕಿನ ವಿಶೇಷ ಬೇರೆ ಬೇರೆ ಅಂತ ನಾವು ಸ್ಕೀಮಾದಲ್ಲಿ 'ಇಲ್ಲಿ ಏನು ಬೇಕಾದ್ರೂ ಬರಬಹುದು' ಅಂತ ಒಂದು ಜಾಗ ಬಿಟ್ಟಿದ್ವಿ, ಎನಿ ಅನ್ನೋ ಎಲಿಮೆಂಟ್. ಅದರ ಪರೀಕ್ಷೆಯ ವಿಧಾನ 'ಲ್ಯಾಕ್ಸ್'. ಅಂದ್ರೆ ಒಳಗಿರೋದಕ್ಕೆ ನಿಯಮ ಸಿಕ್ರೆ ಪರೀಕ್ಷೆ ಮಾಡು, ಸಿಗದಿದ್ರೆ ಸುಮ್ನೆ ಬಿಡು. ನಿಯಮ ಬರೆದಿದ್ವಿ ಕೂಡ. ಆದರೆ ಫೈಲ್‌ನಲ್ಲಿ ನೇಮ್‌ಸ್ಪೇಸ್ ವಿಳಾಸದ ಕೊನೆಗೆ ಒಂದು ಓರೆಗೆರೆ ಜಾಸ್ತಿ ಇತ್ತು. ಬ್ರೌಸರ್‌ನಲ್ಲಿ ಅಂಥ ಎರಡು ವಿಳಾಸ ಒಂದೇ ಪುಟಕ್ಕೆ ಹೋಗಬಹುದು. ಆದ್ರೆ ನೇಮ್‌ಸ್ಪೇಸ್ ಅಂದ್ರೆ ವಿಳಾಸ ಅಲ್ಲ, ಬರೀ ಹೆಸರು. ಒಂದು ಗೆರೆ ಹೆಚ್ಚಾದ್ರೂ ಅದು ಬೇರೆ ಹೆಸರು. ವ್ಯಾಲಿಡೇಟರ್ ನಿಯಮ ಹುಡುಕ್ತು, ಸಿಗಲಿಲ್ಲ, ಲ್ಯಾಕ್ಸ್ ಅಂತ ಹೇಳಿದ್ರಲ್ಲಾ ಅಂತ ಬಿಟ್ಟುಬಿಡ್ತು. ಅರ್ಧ ಫೈಲನ್ನ ಅದು ಪರೀಕ್ಷೆ ಮಾಡೇ ಇರಲಿಲ್ಲ.

ಗೊತ್ತಾಗಿದ್ದು ಹೇಗೆ ಅಂದ್ರೆ, ತಮಾಷೆಗೆ ವರ್ಷ ಇರಬೇಕಾದ ಕಡೆ 'ಮಿರ್ಚಿ ಭಜಿ' ಅಂತ ಬರೆದ್ವಿ. ಆಗಲೂ ಹಸಿರು! ಓರೆಗೆರೆ ತೆಗೆದು, ಲ್ಯಾಕ್ಸ್ ಬದಲು ಸ್ಟ್ರಿಕ್ಟ್ ಮಾಡಿದಾಗ ಒಂಬತ್ತು ಎರರ್ ಉದುರಿದ್ವು. ಅದರಲ್ಲಿ ಮಿರ್ಚಿ ಭಜಿ ಒಂದೇ ನಾವು ಹಾಕಿದ್ದು, ಉಳಿದ ಎಂಟು ನಿಜವಾದವು. ಅವತ್ತಿಂದ ನಮ್ಮ ನಿಯಮ: ಬೇಕಂತಲೇ ಒಂದು ತಪ್ಪು ಹಾಕಿ ನೋಡದೆ ಹಸಿರನ್ನ ನಂಬಬಾರದು. ಫೇಲ್ ಮಾಡೋಕೆ ಬಾರದ ಮೇಷ್ಟ್ರು ಕೊಟ್ಟ ಪಾಸಿಗೆ ಬೆಲೆ ಇಲ್ಲ.

ನೇಮ್‌ಸ್ಪೇಸ್‌ನದ್ದೇ ಇನ್ನೊಂದು ಆಟ ಇದೆ. ಹೆಸರು ಸರಿಯಾಗೇ ಇದ್ದರೂ "ಈ ಎಲಿಮೆಂಟ್ ಇಲ್ಲಿ ಬರುವ ಹಾಗಿಲ್ಲ" ಅಂತ ಎರರ್ ಬಂದ್ರೆ, ಸ್ಕೀಮಾದಲ್ಲಿ ಎಲಿಮೆಂಟ್‌ಫಾರ್ಮ್‌ಡಿಫಾಲ್ಟ್ ನೋಡಿ. ಏನೂ ಬರೆಯದಿದ್ರೆ ಅದು 'ಅನ್‌ಕ್ವಾಲಿಫೈಡ್'. ಅಂದ್ರೆ ಒಳಗಿನ ಎಲಿಮೆಂಟ್‌ಗಳಿಗೆ ನೇಮ್‌ಸ್ಪೇಸ್ ಇಲ್ಲ ಅಂತ ಸ್ಕೀಮಾದ ಲೆಕ್ಕ. ನಾವೋ, ಫೈಲ್‌ನ ಮೇಲ್ಗಡೆ ಒಂದು ಡಿಫಾಲ್ಟ್ ನೇಮ್‌ಸ್ಪೇಸ್ ಹಾಕಿ ಒಳಗಿನ ಎಲ್ಲವೂ ಅದಕ್ಕೇ ಸೇರಿದವು ಅಂದುಕೊಂಡಿರ್ತೀವಿ. 'ಕ್ವಾಲಿಫೈಡ್' ಅಂತ ಮಾಡಿದ್ರೆ ಬಹಳಷ್ಟು ಸಲ ಕಥೆ ಮುಗೀತು.

ಇಲ್ಲಿಗೆ ನಾಲ್ಕು ಊರು ಮುಗಿದ್ವು. ಆದರೆ ಇಷ್ಟರಲ್ಲಿ ಒಂದು ಪ್ರಶ್ನೆ ಬಾಕಿ ಇದೆ: ಸ್ಕೀಮಾವೇ ತಪ್ಪಿದ್ರೆ? ನಮ್ಮದು ತಪ್ಪಿತ್ತು, ಮೂರು ಕಡೆ.

ಒಂದು, ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಬೇಕು ಅಂತ ಪ್ಯಾಟರ್ನ್ ಬರೆದಿದ್ವಿ. ಇಂಗ್ಲಿಷಿನ ಎ ಯಿಂದ ಝಡ್ ತನಕ ಅಂತ ಬರೆದ್ರೆ ಕನ್ನಡ ಹೊರಗೆ, ಅದು ಗೊತ್ತಿತ್ತು. ಹಾಗಾಗಿ ಜಾಣತನದಿಂದ 'ಯಾವುದೇ ಭಾಷೆಯ ಅಕ್ಷರ' ಅನ್ನೋ ಯುನಿಕೋಡ್ ವರ್ಗ ಹಾಕಿದ್ವಿ. ಆದರೂ ಸವಣೂರು ಫೇಲ್. ಯಾಕಂದ್ರೆ ಯುನಿಕೋಡ್ ಪ್ರಕಾರ ಸ, ವ, ಣ, ರ ಅಕ್ಷರಗಳು. ಆದ್ರೆ ಊ ಕಾರದ ಕೊಂಬು ಅಕ್ಷರ ಅಲ್ಲ, ಅದು 'ಮಾರ್ಕ್' ಅನ್ನೋ ಬೇರೆ ವರ್ಗ. ಅರ್ಧಾಕ್ಷರದ ಗುರುತೂ ಹಾಗೇ. ಅಂದ್ರೆ ಆ ನಿಯಮದ ಪ್ರಕಾರ 'ಕಮಲ' ಪಾಸು, 'ಗಂಗವ್ವ' ಫೇಲು. ಅಕ್ಷರ, ಮಾರ್ಕ್, ಆ ಕಾಣದ ಜಾಯ್ನರ್, ಇನಿಶಿಯಲ್‌ನ ಚುಕ್ಕಿ, ಸ್ಪೇಸ್, ಎಲ್ಲಕ್ಕೂ ಅವಕಾಶ ಕೊಟ್ಟಾಗಲೇ ನಮ್ಮ ಜನದ ಹೆಸರು ಒಳಗೆ ಬಂದದ್ದು.

ಎರಡು, ಅಂಕಿ. ವಿ.ಕೃ. ಗೋಕಾಕರು ಸವಣೂರಿನಲ್ಲಿ ಹುಟ್ಟಿದ್ದು 1909ರಲ್ಲಿ. ಒಬ್ಬಳು ಅದನ್ನ ಪ್ರೀತಿಯಿಂದ ೧೯೦೯ ಅಂತ ಬರೆದಳು. ಇಂಟಿಜರ್ ಟೈಪು ಕನ್ನಡ ಅಂಕಿಯನ್ನ ಒಪ್ಪೋದಿಲ್ಲ. ಆದ್ರೆ ಪ್ಯಾಟರ್ನ್‌ನಲ್ಲಿ 'ಅಂಕಿ' ಅಂತ ಕೇಳಿದ್ರೆ ಅದೇ ಎಕ್ಸ್‌ಎಸ್‌ಡಿ ಕನ್ನಡ ಅಂಕಿಯನ್ನ ಒಪ್ಪುತ್ತೆ! ಒಂದೇ ಮನೆಯಲ್ಲಿ ಎರಡು ಕಾನೂನು. ಇಲ್ಲಿ ನಾವು ರಾಜಿಯಾದ್ವಿ: ಫೈಲ್‌ನಲ್ಲಿ 1909, ಓದುಗರಿಗೆ ತೋರಿಸುವಾಗ ಬೇಕಾದ್ರೆ ೧೯೦೯.

ಮೂರನೆಯದೇ ನಮ್ಮನ್ನ ಹೆಚ್ಚು ಯೋಚನೆಗೆ ಹಚ್ಚಿದ್ದು. ರಟ್ಟಿಹಳ್ಳಿಯ ಕದಂಬೇಶ್ವರ ದೇವಸ್ಥಾನವನ್ನ ನಾವು ಹಿರೇಕೆರೂರು ತಾಲ್ಲೂಕು ಅಂತ ಹಾಕಿದ್ವಿ. ಹಳೇ ಪುಸ್ತಕದಲ್ಲೂ ಹಾಗೇ ಇದೆ. ವ್ಯಾಲಿಡೇಟರ್ ಹಸಿರು ತೋರಿಸ್ತು. ಮನೆಗೆ ಫೋನ್ ಮಾಡಿದಾಗ ಅಪ್ಪ ನಕ್ಕರು: "ಏ ತಮ್ಮಾ, ರಟ್ಟಿಹಳ್ಳಿ ಈಗ ಅದಽ ಒಂದು ತಾಲ್ಲೂಕ ಆಗೇತಿ." ಸರಿಯಾಗಿ 'ರಟ್ಟಿಹಳ್ಳಿ' ಅಂತ ಬರೆದ್ರೆ ಎರರ್, ತಪ್ಪಾಗಿ 'ಹಿರೇಕೆರೂರು' ಅಂತ ಬರೆದ್ರೆ ಪಾಸು. ಸ್ಕೀಮಾಗೆ ರೂಪ ಗೊತ್ತು, ಊರು ಗೊತ್ತಿಲ್ಲ. 2014ರ ನವೆಂಬರ್ 1ರಂದು ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ ಸೇರಿ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾಯ್ತಲ್ಲ, ಹಳೇ ಹೆಸರಿನ ಪಟ್ಟಿ ಇಟ್ಟುಕೊಂಡ ಪ್ರತಿಯೊಂದು ಸಾಫ್ಟ್‌ವೇರ್‌ನೂ ಅವತ್ತು ಯಾರೋ ಕೂತು ತಿದ್ದಬೇಕಿತ್ತು. ಪಟ್ಟಿ ಅನ್ನೋದು ಒಮ್ಮೆ ಬರೆದು ಮರೆಯೋ ವಸ್ತು ಅಲ್ಲ.

ಇಷ್ಟೆಲ್ಲ ಯಾಕೆ ಹೇಳ್ತಿದ್ದೀವಿ? ಹತ್ತು ಮಾರ್ಕಿನ ಮಿನಿ ಪ್ರಾಜೆಕ್ಟಿಗೆ ಇಷ್ಟು ಉದ್ದ ಪುರಾಣ ಬೇಕಾ?

ನಮ್ಮಲ್ಲೊಬ್ಬರ ಅಜ್ಜಿ ಒಂದು ಅರ್ಜಿಗಾಗಿ ಮೂರು ಸಲ ಊರಿಂದ ತಾಲ್ಲೂಕಿಗೆ ಓಡಾಡಿದ್ರು. ಎರಡು ದಾಖಲೆಯಲ್ಲಿ ಹೆಸರು ಹೊಂದ್ತಾ ಇಲ್ಲ ಅಂತ ಕಂಪ್ಯೂಟರ್ ಹೇಳ್ತಿತ್ತು. ಎರಡೂ ಕಾಗದ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಮನುಷ್ಯರ ಕಣ್ಣಿಗೆ ಒಂದೇ ಹೆಸರು. ಯಾಕೆ ಹೊಂದಲ್ಲ ಅಂತ ಕೌಂಟರ್‌ನಲ್ಲಿ ಇದ್ದವರಿಗೂ ಗೊತ್ತಿರಲಿಲ್ಲ. "ಅಮ್ಮಾ, ನಿಮ್ಮ ಹೆಸರೇ ತಪ್ಪೈತಿ, ತಿದ್ದಿಸ್ಕೊಂಡ ಬರ್ರಿ" ಅಂದ್ರಂತೆ. ಎಪ್ಪತ್ತು ವರ್ಷ ಇಟ್ಟುಕೊಂಡ ಹೆಸರು! ಅದು ಕಾಣದ ಅಕ್ಷರವೋ, ಎರಡು ತುಂಡಾದ ದೀರ್ಘವೋ, ಬೇರೆ ಏನೋ, ಯಾರೂ ಬಗ್ಗಿ ನೋಡಲಿಲ್ಲ. ಆಗ ನಮಗೂ ಅದು ಹೊಳೆದಿರಲಿಲ್ಲ. ಆ ಅಜ್ಜಿಗೆ ಹೇಳಿದ್ದೂ, ನಾವು ಆ ರಾತ್ರಿ ಹಾನಗಲ್‌ಗೆ ಮಾಡಿದ್ದೂ ಒಂದೇ: ಎರರ್ ಬಂತಾ, ಹೆಸರು ಬದಲಾಯಿಸು.

ಇನ್ನೆರಡು ಮೂರು ವರ್ಷಕ್ಕೆ ನಾವೇ, ನೀವೇ ಆ ಫಾರ್ಮ್‌ಗಳನ್ನ, ಆ ಪಟ್ಟಿಗಳನ್ನ ಬರೆಯೋರು. "ಇಂಗ್ಲಿಷಲ್ಲಿ ಹಾಕ್ಬಿಡು, ತಲೆನೋವು ಬೇಡ" ಅಂತ ಒಬ್ಬ ಹೇಳಿದ್ರೆ ಸಾಕು, ಉಳಿದವರಿಗೂ ಅದೇ ರೂಢಿ ಆಗುತ್ತೆ. ನಮಗೆ ಹೋಗೋದು ಒಂದು ಗಂಟೆ, ಊರಲ್ಲಿ ಯಾರಿಗೋ ಹೋಗೋದು ಮೂರು ದಿನದ ಕೂಲಿ ಮತ್ತು ಬಸ್ ಚಾರ್ಜು.

ಅದಕ್ಕೇ ನಮ್ಮ ರೂಮಿನ ಗೋಡೆ ಮೇಲೆ ಈಗ ಒಂದು ಚೀಟಿ ಅಂಟಿಸಿದ್ದೀವಿ. ಎರರ್ ಪೂರ್ತಿ ಓದು, ಸಾಲಿನ ನಂಬರ್ ಸಮೇತ. ಕಣ್ಣು ನಂಬಬೇಡ, ಅಕ್ಷರದ ನಂಬರ್ ಎಣಿಸು. ಎನ್‌ಎಫ್‌ಸಿ ಮಾಡು. ನೇಮ್‌ಸ್ಪೇಸ್ ಒಂದೊಂದಕ್ಷರ ಹೋಲಿಸು. ಹಸಿರು ಬಂದ್ರೆ ಒಂದು ತಪ್ಪು ಹಾಕಿ ನೋಡು. ಆಮೇಲೂ ಆಗದಿದ್ರೆ ಕೇಳು: ತಪ್ಪಿರೋದು ಅರ್ಜಿಯೋ, ನಿಯಮವೋ? ನಿಯಮ ತಪ್ಪಿದ್ರೆ ನಿಯಮ ತಿದ್ದು, ಊರಿನ ಹೆಸರನ್ನಲ್ಲ.

ಅಂದ ಹಾಗೆ, ಪ್ರಾಜೆಕ್ಟ್ ಒಂದು ದಿನ ತಡವಾಗಿ ಸಬ್ಮಿಟ್ ಆಯ್ತು, ಒಂದು ಮಾರ್ಕ್ ಹೋಯ್ತು. ಪಟ್ಟಿಯಲ್ಲೀಗ ಐದು ತಾಲ್ಲೂಕಿದೆ, ಎಲ್ಲವೂ ಕನ್ನಡದಲ್ಲೇ. ಸವಣೂರಿನ ಣ ಕಾರ ಕೂಡ ಸರಿಯಾಗಿದೆ.